ಮಾತೃಭಾಷೆ: ತಾಯಿಯನ್ನು ಕೇಳದೆ ತುಂಬಿದ ಕಾಲಂ

ಮಾತೃಭಾಷೆ ಎಂಬುದು ದೊಡ್ಡ ಪದ. ವೇದಿಕೆ ಹತ್ತಿದವರು ಈ ಪದ ಉಚ್ಚರಿಸುವಾಗ ಗಂಟಲು ಗದ್ಗದವಾಗುತ್ತದೆ. ನವೆಂಬರ್ ಬಂತೆಂದರೆ ಇದಕ್ಕೆ ಹೂವಿನ ಹಾರ ಬೀಳುತ್ತದೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯ ಕೇರಿಗಳಿಂದ, ಕಾಡಂಚಿನ ವಾಡಾಗಳಿಂದ ಬಂದು ಮನೆತನದಲ್ಲೇ ಮೊದಲ ಸಲ ಪದವಿಯ ಕಾಗದ ಹಿಡಿದ ನಮಗೆ ಮಾತ್ರ ಈ ಪದ ಮೊದಲು ಕಣ್ಣಿಗೆ ಬಿದ್ದದ್ದು ಶಾಲೆಯ ಅರ್ಜಿ ಫಾರ್ಮಿನಲ್ಲಿ. ಹೆಸರು, ತಂದೆಯ ಹೆಸರು, ಜಾತಿ, ಧರ್ಮ, ಮಾತೃಭಾಷೆ. ನಮ್ಮ ಅವ್ವ-ಅಪ್ಪಂದಿರಿಗೆ ಓದು-ಬರಹ ಬರುತ್ತಿರಲಿಲ್ಲವಾದ್ದರಿಂದ ಫಾರ್ಮು ತುಂಬಿದವರು ಬೇರೆಯವರು. ಜಾತಿಯ ಕಾಲಂ ಬಂದಾಗ ತಲೆ ಎತ್ತಿ ಎರಡೆರಡು ಸಲ ಕೇಳಿದರು. ಮಾತೃಭಾಷೆಯ ಕಾಲಂ ಬಂದಾಗ ಕೇಳಲೇ ಇಲ್ಲ. ತಾವೇ ಏನೋ ಒಂದು ಬರೆದು ಮುಂದಿನ ಸಾಲಿಗೆ ಹೋದರು. ಪಕ್ಕದಲ್ಲೇ ತಾಯಿ ನಿಂತಿದ್ದಳು.

ಇದು ಒಂದು ಶಾಲೆಯ, ಒಬ್ಬ ಗುಮಾಸ್ತನ ತಪ್ಪು ಅಂತ ನಾವು ಹೇಳುತ್ತಿಲ್ಲ. ಈ ಪದದ ಚರಿತ್ರೆಯನ್ನೇ ಬಿಚ್ಚಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಾತೃಭಾಷೆ ಅಂದರೇನು ಅಂತ ಗಣತಿಯವರು ಹೇಳಿದ್ದಾರೆ, ಪಂಡಿತರು ಹೇಳಿದ್ದಾರೆ, ಗಡಿಯ ಆಯೋಗದ ಮುಂದೆ ವಕೀಲರು ಹೇಳಿದ್ದಾರೆ, ನ್ಯಾಯಾಧೀಶರು ಹೇಳಿದ್ದಾರೆ. ತಾಯಂದಿರನ್ನು ಮಾತ್ರ ಯಾರೂ ಕೇಳಿಲ್ಲ. ಹಾಗೆ ಕೇಳದೆ ಬಿಟ್ಟದ್ದರ ಸಾಲವನ್ನು ಇವತ್ತಿಗೂ ಒಂದನೇ ಇಯತ್ತೆಯ ಕೂಸುಗಳು ತೀರಿಸುತ್ತಿವೆ.

1

ಮೊದಲು ಪದದ ಹುಟ್ಟು ನೋಡೋಣ. 'ಮಾತೃಭಾಷೆ' ಕೇಳಲಿಕ್ಕೆ ಸಂಸ್ಕೃತ. ಆದರೆ ಇವತ್ತು ನಾವು ಬಳಸುವ ಅರ್ಥ ಬಂದದ್ದು ಯುರೋಪಿನಿಂದ. ಹನ್ನೆರಡನೇ ಶತಮಾನದ ಹೊತ್ತಿಗೆ ಅಲ್ಲಿನ ಲ್ಯಾಟಿನ್ ಬರಹಗಳಲ್ಲಿ 'ತಾಯಿಯ ನಾಲಿಗೆ' ಎಂಬ ಮಾತು ಕಾಣಿಸಿಕೊಳ್ಳುತ್ತದೆ. ಆಗ ಅದು ಗೌರವದ ಮಾತಾಗಿರಲಿಲ್ಲ. ಇಗರ್ಜಿಯಲ್ಲಿ, ಕಾನೂನಿನಲ್ಲಿ, ಪುಸ್ತಕದಲ್ಲಿ ಲ್ಯಾಟಿನ್ ಕೂತಿತ್ತು. ಅದು ಓದಿದ ಗಂಡಸರ ಭಾಷೆ, ಪಾದ್ರಿಗಳ ಭಾಷೆ. ಓದು ತಿಳಿಯದ ಹೆಂಗಸರು ಅಡುಗೆಮನೆಯಲ್ಲಿ ಕೂಸಿನ ಕೂಡ ಆಡುವ ಮಾತಿಗೆ ತಾಯಿಯ ನಾಲಿಗೆ ಅಂತ ಹೆಸರು. ಅಂದರೆ ಹುಟ್ಟಿದಾಗ ಅದು ಅನಕ್ಷರಸ್ಥರ ಮಾತಿಗೆ ಇಟ್ಟ ಹೆಸರು. ಮುಂದೆ ಅಚ್ಚಿನ ಯಂತ್ರ ಬಂತು, ರಾಷ್ಟ್ರಗಳೆಂಬುವು ಎದ್ದು ನಿಂತವು. ತಾಯಿಯ ನಾಲಿಗೆಗೆ ವ್ಯಾಕರಣ ಬಂತು, ಬಾವುಟ ಬಂತು, ಸಿಂಹಾಸನ ಬಂತು. ಅಡುಗೆಮನೆಯ ಹೆಂಗಸು ಮಾತ್ರ ಅಡುಗೆಮನೆಯಲ್ಲೇ ಉಳಿದಳು.

ಅದೇ ಹನ್ನೆರಡನೇ ಶತಮಾನದಲ್ಲಿ ನಮ್ಮ ಕಲ್ಯಾಣದಲ್ಲೂ ಮಾತಿನ ಒಂದು ದಂಗೆ ನಡೆದಿತ್ತು. ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಕಸಬರಿಗೆ ಹಿಡಿದ ಸತ್ಯಕ್ಕ ತಾವು ಆಡುವ ಮಾತಿನಲ್ಲೇ ದೇವರ ಜೊತೆ ಜಗಳಕ್ಕೆ ನಿಂತರು. ಅವರಿಗೆ ತಮ್ಮ ಮಾತಿಗೆ 'ಮಾತೃಭಾಷೆ' ಎಂಬ ಬಿರುದು ಬೇಕಾಗಲಿಲ್ಲ. ಅದಕ್ಕೂ ಮುಂಚೆ ಒಂಬತ್ತನೇ ಶತಮಾನದ ಕವಿರಾಜಮಾರ್ಗ ಒಂದು ಸತ್ಯ ಒಪ್ಪಿಕೊಂಡಿತ್ತು: ಊರೂರಿಗೆ ಕನ್ನಡ ಬೇರೆ ಬೇರೆ, ಅದರ ಬಗೆಗಳನ್ನೆಲ್ಲ ಹೇಳಹೊರಟರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರವಾದೀತು ಅಂತ. ಅರಮನೆಯ ಕವಿಗೂ ಗೊತ್ತಿದ್ದ ಈ ಸತ್ಯ ಮುಂದೆ ಕಚೇರಿಯ ಕಾರಕೂನನಿಗೆ ಮರೆತುಹೋಯಿತು.

ನಮ್ಮ ಜನಕ್ಕೆ ಇದಕ್ಕೊಂದು ತಮ್ಮದೇ ಪದ ಇತ್ತು, ಇದೆ. ಮನೆಮಾತು. 'ನಿಮ್ಮ ಮನಿಮಾತು ಯಾವ್ದು?' ಅಂತ ಸಂತೆಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಕೇಳುತ್ತಾರೆ, ಬೀಗತನ ಮಾಡುವಾಗ ಕೇಳುತ್ತಾರೆ. ಈ ಪದದಲ್ಲಿ ಭಾವುಕತೆ ಇಲ್ಲ, ಮೇಲು-ಕೀಳೂ ಇಲ್ಲ. ಮನೆಯೊಳಗೆ ಏನು ಆಡ್ತೀರಿ, ಅಷ್ಟೇ. ಮುಂಡಗೋಡದ ಶಿಬಿರಗಳಲ್ಲಿ 1966ರಿಂದ ನೆಲೆ ನಿಂತಿರುವ ಟಿಬೆಟಿಯನ್ನರಲ್ಲಂತೂ ಇದಕ್ಕೆ 'ಫಾ ಕೇ' ಎಂಬ ಮಾತಿದೆ, ಅಂದರೆ ಅಪ್ಪನ ನುಡಿ. ಭಾಷೆಗೆ ತಾಯಿಯನ್ನೇ ತಂದು ನಿಲ್ಲಿಸಬೇಕೆಂಬುದು ಲೋಕದ ಎಲ್ಲ ಕಡೆಯ ನಿಯಮವೇನಲ್ಲ ಅಂತಾಯಿತು.

2

ಬ್ರಿಟಿಷರು ಈ ಪದವನ್ನು ಲೆಕ್ಕದ ಪುಸ್ತಕಕ್ಕೆ ತಂದರು. 1881ರ ಜನಗಣತಿಯಲ್ಲಿ ಮಾತೃಭಾಷೆ ಕೇಳಿದರು. 1891ರಲ್ಲಿ ಅದನ್ನು ತಂದೆತಾಯಿಯರ ಭಾಷೆ ಅಂತ ಮಾಡಿದರು. 1901, 1911, 1921ರಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆ ಅಂತ ಬದಲಿಸಿದರು. 1931ರಲ್ಲಿ ಮತ್ತೆ ಮಾತೃಭಾಷೆಗೇ ಬಂದರು, ತೊಟ್ಟಿಲಿನಿಂದ ಆಡಿದ ಭಾಷೆ ಅಂತ ಅರ್ಥ ಹೇಳಿದರು. ಸ್ವಾತಂತ್ರ್ಯ ಬಂದ ಮೇಲೆ, ಬಾಲ್ಯದಲ್ಲಿ ತಾಯಿ ಮಗುವಿನ ಕೂಡ ಆಡಿದ ಭಾಷೆ, ತಾಯಿ ಸತ್ತಿದ್ದರೆ ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ ಅಂತ ವಿವರಿಸಿದರು. ಒಂದೇ ಕಾಲಂ. ತೊಂಬತ್ತು ವರ್ಷಗಳಲ್ಲಿ ನಾಲ್ಕೈದು ಅರ್ಥ. ಒಬ್ಬಳೇ ಮುದುಕಿ ತನ್ನ ಆಯುಷ್ಯದಲ್ಲಿ ನಾಲ್ಕು ಸಲ ಲೆಕ್ಕಕ್ಕೆ ಸಿಕ್ಕಿದ್ದರೆ, ತಾನು ಆಡುವ ಒಂದು ಅಕ್ಷರವನ್ನೂ ಬದಲಿಸದೆ ಬೇರೆ ಬೇರೆ ಕಾರಣಕ್ಕೆ ಬೇರೆ ಬೇರೆ ಭಾಷೆಯವಳಾಗಬಹುದಿತ್ತು.

ಅದೇ ಕಾಲದಲ್ಲಿ ನಮ್ಮ ಜಿಲ್ಲೆಯ ಮೇಲೆ ಇನ್ನೆರಡು ಕಣ್ಣು ಬಿದ್ದವು. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಆಡಳಿತಕ್ಕೆ ಸೇರಿದ ಕೆನರಾ ಜಿಲ್ಲೆಯ ಗ್ಯಾಸೆಟಿಯರ್ 1883ರಲ್ಲಿ ಅಚ್ಚಾಯಿತು. ಜಾತಿಗಳನ್ನು ಸಾಲಾಗಿ ನಿಲ್ಲಿಸಿ ಉಡುಗೆ ಏನು, ಊಟ ಏನು, ಮನೆಮಾತು ಯಾವುದು ಅಂತ ಅದು ಬರೆಯಿತು. ದನದ ಜಾತ್ರೆಯಲ್ಲಿ ಹಲ್ಲು ಎಣಿಸುವ ಹಾಗೆ. ಆಮೇಲೆ ಗ್ರಿಯರ್ಸನ್ ಸಾಹೇಬರ ಭಾಷಾ ಸರ್ವೇಕ್ಷಣೆ ಬಂತು. 1905ರಲ್ಲಿ ಹೊರಬಂದ ಅದರ ಏಳನೇ ಸಂಪುಟ ಮರಾಠಿಯದು. ಕೊಂಕಣಿಯನ್ನು ಅದು ಮರಾಠಿಯ ಉಪಭಾಷೆ ಅಂತ ಅದರೊಳಗೇ ಸೇರಿಸಿತು.

ಉಪಭಾಷೆ! ಮಾತೃಭಾಷೆಯ ಬೆನ್ನಿಗೇ ಬಂದ ಪದ ಇದು. ಒಂದನ್ನು ಪೀಠದ ಮೇಲೆ ಕೂರಿಸಬೇಕಾದರೆ ಇನ್ನೊಂದನ್ನು ಕೆಳಗೆ ಕೂರಿಸಬೇಕಲ್ಲ. ಹೊಲ ಹಿಡಿದವನು ಒಡೆಯ, ಗೇಯುವವನು ಆಳು ಎಂಬ ವ್ಯವಸ್ಥೆಗೆ ಒಗ್ಗಿದ ಸಮಾಜಕ್ಕೆ ಭಾಷೆಯಲ್ಲೂ ಒಡೆಯ-ಆಳು ಮಾಡುವುದು ಕಷ್ಟವಾಗಲಿಲ್ಲ. ಗ್ರಿಯರ್ಸನ್ ಸಾಹೇಬರು ಪ್ರತಿ ಭಾಷೆಯ ಮಾದರಿಗೆ ಅಂತ ಬೈಬಲ್ಲಿನ ಒಂದು ಕತೆಯನ್ನು ಅಧಿಕಾರಿಗಳ ಮೂಲಕ ಅನುವಾದ ಮಾಡಿಸಿ ತರಿಸಿಕೊಂಡರು. ಮನೆ ಬಿಟ್ಟು ಹೋದ ಮಗ ಕೆಟ್ಟು ಸೋತು ಅಪ್ಪನ ಮನೆಗೆ ಮರಳುವ ಕತೆ ಅದು. ಮನೆಗೆ ಮರಳಲಾಗದ ಮಕ್ಕಳು ನಮ್ಮ ಕಾಡಿನಲ್ಲೇ ಇದ್ದರು. ಅವರ ಮಾತಿಗೆ ಮುಂದೆ ಬರೋಣ.

3

1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂತು. ಭಾಷಾವಾರು ಪ್ರಾಂತ್ಯ ಅಂದ ಮೇಲೆ ಗಣತಿಯ ಮಾತೃಭಾಷೆಯ ಕಾಲಂ ಬರಿಯ ಕಾಲಂ ಆಗಿ ಉಳಿಯಲಿಲ್ಲ, ನೆಲ ಅಳೆಯುವ ಸರಪಳಿಯಾಯಿತು. ಗಡಿಯ ತಕರಾರು ತೀರಿಸಲು 1966ರಲ್ಲಿ ನೇಮಕವಾದ ಮೆಹರ್‌ಚಂದ್ ಮಹಾಜನ್ ಆಯೋಗದ ಮುಂದೆ ಮಹಾರಾಷ್ಟ್ರ 814 ಹಳ್ಳಿಗಳನ್ನು ಕೇಳಿತು. ಕಾರವಾರದ ಜೊತೆಗೆ ಹಳಿಯಾಳ ಮತ್ತು ಸೂಪಾ ತಾಲ್ಲೂಕಿನ ಹಳ್ಳಿಗಳೂ ಆ ಪಟ್ಟಿಯಲ್ಲಿದ್ದವು. ಕೊಂಕಣಿ ಮರಾಠಿಯ ಉಪಭಾಷೆ, ಆದ್ದರಿಂದ ಕೊಂಕಣಿ ಆಡುವವರ ತಲೆಯನ್ನು ಮರಾಠಿಯ ಲೆಕ್ಕಕ್ಕೆ ಸೇರಿಸಬೇಕು ಎಂಬುದು ವಾದ. ಅಲ್ಲ, ಕೊಂಕಣಿ ಸ್ವತಂತ್ರ ಭಾಷೆ ಎಂಬುದು ಪ್ರತಿವಾದ. 1967ರ ವರದಿಯಲ್ಲಿ ಆಯೋಗ ಈ ತಾಲ್ಲೂಕುಗಳನ್ನು ಮೈಸೂರಿಗೇ ಬಿಟ್ಟಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು.

ಗೆಳೆಯರೆ, ಇಲ್ಲಿ ನಿಂತು ಯೋಚಿಸಿ. ಎರಡು ಸರ್ಕಾರಗಳು ಕುಣಬಿಯ ನಾಲಿಗೆಗಾಗಿ ಕಾದಾಡಿದವು. ಜೋಯಿಡಾದ ಕಾಡಿನಲ್ಲಿ ಗೆಡ್ಡೆ-ಗೆಣಸು ಬೆಳೆದು ಬದುಕುವ ಆ ಕುಣಬಿಯ ಮಗುವಿಗೆ ಅದೇ ನಾಲಿಗೆಯಲ್ಲಿ ಒಂದು ಪಾಠ ಹೇಳಬೇಕು ಅಂತ ಎರಡರಲ್ಲಿ ಯಾರು ಹಟ ಹಿಡಿದರು? ತಲೆ ಎಣಿಸುವಾಗ ಬೇಕಾದ ಮಾತೃಭಾಷೆ ತರಗತಿಯಲ್ಲಿ ಬೇಡವಾಯಿತು. 1980ರ ದಶಕದಲ್ಲಿ ಕಾಳಿ ನದಿಗೆ ಅಣೆಕಟ್ಟು ಕಟ್ಟಿ ಸೂಪಾ ಊರನ್ನೇ ಮುಳುಗಿಸಿದರು. ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು, ಜನ ರಾಮನಗರಕ್ಕೂ ಇನ್ನೆಲ್ಲೆಲ್ಲಿಗೋ ಹೋದರು. ಯಾವ ನೆಲಕ್ಕಾಗಿ ನಾಲಿಗೆ ಎಣಿಸಿದ್ದರೋ ಆ ನೆಲದ ಮೇಲೆ ಈಗ ನೀರು ನಿಂತಿದೆ.

ಕೊಂಕಣಿಗೆ 1975ರಲ್ಲಿ ಸಾಹಿತ್ಯ ಅಕಾಡೆಮಿಯ ಮನ್ನಣೆ ಬಂತು. 1992ರಲ್ಲಿ ಸಂವಿಧಾನದ ಎಂಟನೇ ಅನುಸೂಚಿಯಲ್ಲಿ ಜಾಗ ಸಿಕ್ಕಿತು. ನಮಗೆ ಸಂತೋಷವೇ. ಆದರೆ ಅನುಸೂಚಿಗೆ ಹೋದ ಕೊಂಕಣಿ ಯಾರ ಮನೆಯ ಕೊಂಕಣಿ? ಕುಣಬಿಯ, ಸಿದ್ದಿಯ ಕೊಂಕಣಿಗೆ ಇವತ್ತಿಗೂ 'ಹರಕು-ಮುರುಕು' ಎಂಬ ವಿಶೇಷಣ ಅಂಟಿಯೇ ಇದೆ. ನಿನ್ನೆ ತನ್ನನ್ನು ಉಪಭಾಷೆ ಅಂದಿದ್ದಕ್ಕೆ ಕಣ್ಣೀರಿಟ್ಟ ಭಾಷೆ ಇವತ್ತು ತನ್ನ ಕೆಳಗೆ ಇನ್ನೊಂದು ಉಪಭಾಷೆಯನ್ನು ಹುಡುಕಿಕೊಳ್ಳುತ್ತದೆ. ಜಾತಿಯ ಏಣಿ ನೋಡಿದವರಿಗೆ ಇದು ಹೊಸದಲ್ಲ.

4

ಈಗ ಮನೆಗೆ ಮರಳಲಾಗದ ಮಕ್ಕಳ ಮಾತು.

ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲಾದ ಕಾಡಿನ ಊರುಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಹಿರಿಯರನ್ನು ಬಹುಮಟ್ಟಿಗೆ ಪೋರ್ಚುಗೀಜರು ಆಫ್ರಿಕಾದ ಪೂರ್ವ ಕರಾವಳಿಯಿಂದ ಗುಲಾಮರನ್ನಾಗಿ ಗೋವೆಗೆ ತಂದರು. ಒಡೆಯರ ಹಿಂಸೆ ತಾಳದವರು ಘಟ್ಟ ಹತ್ತಿ ಈ ಕಾಡು ಸೇರಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಧರ್ಮ ಮೂರಾದರೂ ಡಮಾಮಿ ಬಾರಿಸಿದರೆ ಕುಣಿಯುವ ಕಾಲು ಒಂದೇ. ಹೆಚ್ಚಿನವರ ಮನೆಮಾತು ಕೊಂಕಣಿಯದೇ ಒಂದು ಬಗೆ. ಅದರಲ್ಲಿ ಮರಾಠಿ ಇದೆ, ಕನ್ನಡ ಇದೆ, ಉರ್ದು ಇದೆ.

ಇವರ ಮಾತೃಭಾಷೆ ಯಾವುದು ಸ್ವಾಮಿ?

ಗುಲಾಮರ ಹಡಗು ಹತ್ತಿದ ಮೊದಲ ಸಿದ್ದಿ ತಾಯಿ ತನ್ನ ಕೂಸಿಗೆ ಆಫ್ರಿಕಾದ ಯಾವುದೋ ನುಡಿಯಲ್ಲಿ ಲಾಲಿ ಹಾಡಿದ್ದಳು. ಆ ನುಡಿಯನ್ನು ಅವಳಾಗಿ ಮರೆಯಲಿಲ್ಲ. ಒಂದೇ ನುಡಿಯವರನ್ನು ಬೇರೆ ಬೇರೆ ಮಾಡಿ, ಬೇರೆ ಬೇರೆ ನುಡಿಯವರನ್ನು ಒಂದೇ ಅಂಗಳಕ್ಕೆ ತಂದು ಮಾರಿದರೆ ತಾಯಿ ಯಾರ ಜೊತೆ ಮಾತಾಡಬೇಕು? ಮಗುವನ್ನೇ ಕಿತ್ತು ಮಾರಿದರೆ ತೊಟ್ಟಿಲಿನ ಭಾಷೆ ಯಾವುದು? ಒಡೆಯನ ಅಪ್ಪಣೆ ತಿಳಿಯಬೇಕಲ್ಲ, ಅದಕ್ಕೆ ಒಡೆಯನ ಮನೆಯ ಕೊಂಕಣಿ ಕಲಿತರು. ಬೈಗುಳದಲ್ಲಿ ಕಲಿತರು, ಚಾವಟಿಯಲ್ಲಿ ಕಲಿತರು. ಘಟ್ಟ ಹತ್ತಿದ ಮೇಲೆ ಅದೇ ಒಡೆಯನ ಮಾತನ್ನು ಮುರಿದು, ಬಗ್ಗಿಸಿ, ಊರಿನ ನಾಲ್ಕು ಮಾತು ಬೆರೆಸಿ ತಮ್ಮ ಮಕ್ಕಳಿಗೆ ಲಾಲಿ ಕಟ್ಟಿದರು. ಪಂಡಿತರು ಹರಕು ಕೊಂಕಣಿ ಅನ್ನುವುದು ಇದಕ್ಕೇನೇ. ತಾಯಿಯನ್ನು ಕಿತ್ತುಕೊಂಡವನ ಬಾಯಿಂದಲೇ ಮಾತು ಕಸಿದು ಮತ್ತೆ ತಾಯಿಮಾತು ಮಾಡಿಕೊಂಡ ಶೌರ್ಯ ನಮಗೆ ಅದರಲ್ಲಿ ಕಾಣುತ್ತದೆ. ಮಾತೃಭಾಷೆ ಎಂಬ ಪದಕ್ಕೆ ಅರ್ಹತೆ ಅಂತ ಒಂದಿದ್ದರೆ ಅದು ಈ ಮಾತಿಗೇ ಮೊದಲು ಸಲ್ಲಬೇಕು.

ಸರ್ಕಾರದ ಕಾಗದ ಏನು ಹೇಳುತ್ತದೆ? ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡ ಅಂತ ಒಪ್ಪಿದರು. 2020ರಲ್ಲಿ ಆ ಸಮುದಾಯದ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಜನಕ್ಕೆ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಮಾತಿಗೆ ಸಿಗಲಿಲ್ಲ. 1961ರ ಗಣತಿ ದೇಶದಲ್ಲಿ 1652 ಮಾತೃಭಾಷೆಗಳನ್ನು ಪಟ್ಟಿ ಮಾಡಿತ್ತು. 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳ ಹೆಸರನ್ನೇ ಅಚ್ಚು ಮಾಡುವುದು ನಿಂತಿತು. 2011ರಲ್ಲಿ ಜನ ತಮ್ಮ ಮಾತಿಗೆ ಹೇಳಿದ ಹೆಸರುಗಳು 19,569. ಕಚೇರಿಯಲ್ಲಿ ಕೂತು ಸೋಸಿದ ಮೇಲೆ ಉಳಿದದ್ದು 1369 ಮಾತೃಭಾಷೆ. ಅವನ್ನೂ ಗುಂಪು ಕಟ್ಟಿ ಕೊನೆಗೆ ತೋರಿಸಿದ್ದು 121 ಭಾಷೆ. ಹೆಸರುಗಳಲ್ಲಿ ಕಾಗುಣಿತ ತಪ್ಪಿದವು ಇದ್ದಾವು, ಊರಿನ ಹೆಸರೋ ಜಾತಿಯ ಹೆಸರೋ ಹೇಳಿದವು ಇದ್ದಾವು. ಸೋಸುವುದು ಬೇಡ ಅನ್ನುವಷ್ಟು ದಡ್ಡರಲ್ಲ ನಾವು. ಆದರೆ ಜರಡಿಯ ಕಣ್ಣು ಎಷ್ಟು ದೊಡ್ಡದಿರಬೇಕೆಂದು ನಿರ್ಧರಿಸುವವರು ಯಾರು? ಕೆಳಗೆ ಬಿದ್ದದ್ದು ಯಾವಾಗಲೂ ಬಡವರ ಕಾಳೇ ಯಾಕೆ?

5

'ನೀವು ಕನ್ನಡದವರಲ್ಲವೇ, ನಿಮಗ್ಯಾಕೆ ಈ ನೋವು' ಅಂತ ಕೇಳುವವರಿದ್ದಾರೆ. ಹೌದು, ನಮ್ಮಲ್ಲಿ ಹಲವರ ಮನೆಮಾತು ಕನ್ನಡವೇ. ಆದರೆ ಅವ್ವನ ಕನ್ನಡವನ್ನು ಒಂದನೇ ಇಯತ್ತೆಯಲ್ಲೇ ಹೊಸಿಲಾಚೆ ಬಿಟ್ಟು ಬರಬೇಕಾಯಿತು. ನಾವು 'ಐತಿ' ಅಂದರೆ 'ಇದೆ' ಅನ್ನು ಅಂದರು. 'ಹೋಗ್ಯಾನ' ಅಂದರೆ ಅಶುದ್ಧ ಅಂದರು. 'ಹ'ಕಾರ ತಪ್ಪಿದರೆ ಇಡೀ ತರಗತಿ ನಕ್ಕಿತು. ನಾಡಗೀತೆಯಲ್ಲಿ ತಾಯಿಯ ಗುಣಗಾನ ಮಾಡಿಸಿದ ಬಾಯಿಗಳೇ ನಮ್ಮ ತಾಯಿಯ ಮಾತನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದವು. ಆಗ ನಮಗೆ ತಿಳಿದದ್ದು ಇಷ್ಟು: ಮಾತೃಭಾಷೆ ಅಂದರೆ ತಾಯಿಯ ಭಾಷೆ ಹೌದು, ಆದರೆ ಯಾರದೋ ತಾಯಿಯದು.

ಕನ್ನಡ ನಮಗೆ ಅನ್ನದ ಭಾಷೆ, ಹೋರಾಟದ ಭಾಷೆ. ಅಂಬೇಡ್ಕರರನ್ನು ನಾವು ಓದಿದ್ದು ಕನ್ನಡದಲ್ಲಿ. ಸಿದ್ದಿ ಹುಡುಗಿಯೂ ಗೌಳಿ ಹುಡುಗನೂ ಕುಣಬಿಯೂ ನಾವೂ ಒಂದೇ ಬೆಂಚಿನ ಮೇಲೆ ಕೂತು ಗೆಳೆಯರಾದದ್ದು ಕನ್ನಡದಿಂದ. ಆ ಕನ್ನಡವನ್ನು ನಾವು ಯಾರಿಗೂ ಬಿಟ್ಟುಕೊಡುವುದಿಲ್ಲ. ಅದನ್ನು ಕಲಿಯಲು ಇನ್ನೊಂದು ಮಾತನ್ನು ಮರೆಯಬೇಕು ಎಂಬ ಕರಾರನ್ನು ಮಾತ್ರ ಒಪ್ಪುವುದಿಲ್ಲ. ದಾಂಡೇಲಿಯ ಬಜಾರಿಗೆ ಬಂದು ನೋಡಿ. 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ ನಾನಾ ಕಡೆಯ ಕೂಲಿಗಾರರು ಕೂಡಿದ ಊರು ಅದು. ಒಬ್ಬ ಹೆಣ್ಣುಮಗಳು ಒಂದೇ ತಾಸಿನಲ್ಲಿ ಕನ್ನಡದಲ್ಲಿ ಚೌಕಾಶಿ ಮಾಡಿ, ಹಿಂದಿಯಲ್ಲಿ ಆಟೋದವನ ಕೂಡ ಜಗಳಾಡಿ, ಮಗುವನ್ನು ಕೊಂಕಣಿಯಲ್ಲಿ ಗದರಿಸಿ ಹೋಗುತ್ತಾಳೆ. ಅವಳ ಬಾಯಿಗೆ ಅಡ್ಡಿಯಾಗದ್ದು ಫಾರ್ಮಿನ ಒಂದು ಗೆರೆಗೆ ಅಡ್ಡಿ!

6

ಕಾನೂನು ಏನನ್ನುತ್ತದೆ ನೋಡಿ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಲು ರಾಜ್ಯಗಳು ಯತ್ನಿಸಬೇಕು ಅಂತ ಹೇಳಿತು. 1994ರಲ್ಲಿ ಕರ್ನಾಟಕ ಸರ್ಕಾರ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಇಲ್ಲವೆ ಕನ್ನಡದಲ್ಲಿ ಕಲಿಸಬೇಕು ಅಂತ ಆಜ್ಞೆ ಮಾಡಿತು. ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. ಇಪ್ಪತ್ತು ವರ್ಷ ನಡೆದ ಆ ವ್ಯಾಜ್ಯದಲ್ಲಿ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಮಗುವಿನ ಮಾತೃಭಾಷೆ ಯಾವುದು ಅಂತ ನಿರ್ಧರಿಸುವವರು ತಂದೆತಾಯಿ ಇಲ್ಲವೆ ಪೋಷಕರು, ಸರ್ಕಾರ ಅದನ್ನು ಹೇರುವ ಹಾಗಿಲ್ಲ ಅಂತ.

ಕೊನೆಗೂ ತಾಯಿಯನ್ನು ಕೇಳಿದರಲ್ಲ ಅಂತ ಹಿಗ್ಗಬೇಡಿ. ಆ ತೀರ್ಪಿನ ಲಾಭ ಸಿಕ್ಕಿದ್ದು ಶುಲ್ಕ ಕಟ್ಟುವ ಕೈಗಳಿಗೆ. ಕಾಸಿದ್ದವರಿಗೆ ಆಯ್ಕೆ ಬಂತು. ಕಾಡಿನ ಅಂಚಿನ ಸರ್ಕಾರಿ ಶಾಲೆಯ ಸಿದ್ದಿ ತಾಯಿ 'ನನ್ನ ಮಗೂಗೆ ನನ್ನ ಮಾತಿನ್ಯಾಗ ಹೇಳ್ರಿ' ಅಂದರೆ ಆಯ್ಕೆ ಮಾಡಲಿಕ್ಕೆ ಪುಸ್ತಕ ಎಲ್ಲಿದೆ? ಮಾಸ್ತರು ಎಲ್ಲಿದ್ದಾರೆ? 2009ರ ಶಿಕ್ಷಣ ಹಕ್ಕು ಕಾಯ್ದೆ ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯಲ್ಲಿ ಕಲಿಸಬೇಕು ಅನ್ನುತ್ತದೆ. 'ಸಾಧ್ಯವಾದ ಮಟ್ಟಿಗೆ' ಎಂಬ ಆ ಎರಡು ಪದಗಳ ಸಂದಿಯಲ್ಲಿ ನಮ್ಮ ಸೀಮೆಯ ಮಕ್ಕಳೆಲ್ಲ ಬಿದ್ದುಹೋಗುತ್ತಾರೆ.

ಮುಂಡಗೋಡದ ಟಿಬೆಟಿಯನ್ನರನ್ನು ನೋಡಿ. ದೇಶ ಕಳೆದುಕೊಂಡು ಬಂದವರು ತಮ್ಮ ಶಾಲೆಗಳಲ್ಲಿ ತಮ್ಮ ನುಡಿ, ತಮ್ಮ ಲಿಪಿ ಉಳಿಸಿಕೊಂಡರು. ನಮಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ, ಅಭಿಮಾನವಿದೆ. ಅವರಿಗೆ ಗ್ರಂಥವಿತ್ತು, ಗೊಂಪಾ ಇತ್ತು, ಬೆನ್ನಿಗೆ ಲೋಕದ ಗಮನ ಇತ್ತು. ಅವರಿಗಿಂತ ಮುನ್ನೂರು-ನಾನ್ನೂರು ವರ್ಷ ಮುಂಚೆ ಅದೇ ರೀತಿ ಎಲ್ಲ ಕಳೆದುಕೊಂಡು ಬಂದ ಸಿದ್ದಿಗಳಿಗೆ ಬೆನ್ನಿಗಿದ್ದದ್ದು ಬಾಸುಂಡೆ. ಮಾತು ಉಳಿಯುವುದು ಬರಿ ಪ್ರೀತಿಯಿಂದಲ್ಲ. ಶಾಲೆಯಿಂದ, ಸಂಬಳದ ಮಾಸ್ತರರಿಂದ, ಅಚ್ಚಾದ ಪುಸ್ತಕದಿಂದ ಉಳಿಯುತ್ತದೆ.

7

ಹಾಗಾದರೆ ನಾವು ಏನು ಕೇಳುತ್ತಿದ್ದೇವೆ? ಆಕಾಶವನ್ನಲ್ಲ.

ಫಾರ್ಮಿನಲ್ಲಿ ಮಾತೃಭಾಷೆಯ ಜಾಗದಲ್ಲಿ 'ಮನೆಮಾತು' ಅಂತ ಬರೆಯಿರಿ, ಒಂದು ಗೆರೆಯ ಬದಲು ಮೂರು ಗೆರೆ ಬಿಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಮಾತೃಭಾಷೆಯ ಪಕ್ಕಕ್ಕೆ ಮನೆಯ ಭಾಷೆ ಎಂಬ ಮಾತು ಬಂದು ಕೂತಿದೆ; ಕಾಗದದಲ್ಲಿ ಬಂದದ್ದು ಅಂಗನವಾಡಿಗೂ ಬರಲಿ. ಸಿದ್ದಿ ವಾಡಾದ ಅಂಗನವಾಡಿಗೆ ಆ ವಾಡಾದ ಹೆಣ್ಣುಮಗಳೇ ಟೀಚರಾಗಲಿ, ಗೌಳಿವಾಡಾಕ್ಕೆ ಗೌಳಿ ಮಾತು ಬಲ್ಲವಳು ಬರಲಿ. ಮೊದಲ ಎರಡು ವರ್ಷ ಮಗು ಮನೆಯ ಮಾತಿನಲ್ಲಿ ಕೇಳಲಿ, ಕೇಳುತ್ತ ಕೇಳುತ್ತ ಕನ್ನಡಕ್ಕೆ ದಾಟಲಿ. ಸಿದ್ದಿಯ ಹಾಡು, ಕುಣಬಿಯ ಗೆಡ್ಡೆಗಳ ಹೆಸರು, ಗೌಳಿಯ ಎಮ್ಮೆಯ ಮದ್ದು ಕನ್ನಡ ಲಿಪಿಯಲ್ಲೇ ಅಚ್ಚಾಗಿ ಅದೇ ಶಾಲೆಯ ಕಪಾಟಿಗೆ ಬರಲಿ. ಕನ್ನಡದ ಅಕ್ಷರಗಳು ಅಷ್ಟು ಬಡವಲ್ಲ, ನಾಲ್ಕು ಮನೆಯ ಮಾತಿಗೆ ಜಾಗ ಕೊಟ್ಟರೆ ಅವು ಸವೆಯುವುದಿಲ್ಲ.

ಮುಂದಿನ ಗಣತಿದಾರ ನಮ್ಮ ಕೇರಿಗೂ ವಾಡಾಕ್ಕೂ ಬಂದೇ ಬರುತ್ತಾನೆ. ಓದಿದ ನಮ್ಮಂಥವರಿಗೆ ಆ ದಿನ ಒಂದು ಕೆಲಸವಿದೆ. ಅವನು ತಲೆ ಎತ್ತದೆ ಕಾಲಂ ತುಂಬಲು ಹೊರಟರೆ ಅವನ ಕೈ ಹಿಡಿಯಬೇಕು. 'ಸ್ವಲ್ಪ ತಡೀರಿ ಸರ್, ಒಳಗ ಅವ್ವ ಅದಾಳ, ಅಕೀನ್ನ ಕೇಳಿ ಬರೀರಿ' ಅನ್ನಬೇಕು. ಅವಳು ಹೇಳಿದ ಹೆಸರು ಯಾವ ಪಟ್ಟಿಯಲ್ಲೂ ಇಲ್ಲದಿದ್ದರೂ ಸರಿ, ಅವಳು ಹೇಳಿದ ಹಾಗೇ ಬರೆಸಬೇಕು. ಜರಡಿ ಹಿಡಿದವರು ಅದನ್ನು ಸೋಸಿ ಬಿಸಾಡಲಿ, ಬಿಸಾಡಿದ್ದಕ್ಕೆ ಲೆಕ್ಕ ಇರುತ್ತದೆ. ಕೇಳದೆ ಬಿಟ್ಟದ್ದಕ್ಕೆ ಲೆಕ್ಕವೂ ಇರುವುದಿಲ್ಲ.